ಅಪ್ಪನಿಗೆ ಹಳೇ ಬರ್ಗರ್ ಅಂಗಡಿ ತೋರಿಸಬೇಕು, ಆದರೆ ಅಪ್ಪ ಬೀಫ್ ತಿನ್ನಲ್ಲ

ತಿಪಟೂರು ತೆಂಗು
ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಮುಂದಿನ ತಿಂಗಳು ಅಪ್ಪ ಅಮ್ಮ ಬರುತ್ತಿದ್ದಾರೆ. ಇದು ಎರಡನೇ ಸಲ. ನಯಾಗರ, ವಾಷಿಂಗ್ಟನ್, ಲಿಬರ್ಟಿ ಪ್ರತಿಮೆ, ದೇವಸ್ಥಾನ ಎಲ್ಲ ಹೋದ ಸಲವೇ ಮುಗಿದಿದೆ.

ಅಪ್ಪ ತಿಪಟೂರಿನಲ್ಲಿ 31 ವರ್ಷ ಹೋಟೆಲ್ ನಡೆಸಿದವರು. ಆರು ಟೇಬಲ್ಲು, ಒಂದು ಕಾವಲಿ, ಒಂದು ಗಲ್ಲಾ. ಈಗ ಮುಚ್ಚಿದ್ದಾರೆ, ಆದರೆ ಹೋಟೆಲ್ ಅವರನ್ನು ಬಿಟ್ಟಿಲ್ಲ. ಎಲ್ಲಿಗೆ ಹೋದರೂ ಮೆನು ನೋಡುವ ಮೊದಲು ಅಡುಗೆಮನೆ ಬಾಗಿಲ ಕಡೆ ಇಣುಕುತ್ತಾರೆ. ಹೋದ ಸಲ ಇಲ್ಲಿನ ದೊಡ್ಡ ದೊಡ್ಡ ಸರಣಿ ಹೋಟೆಲ್‌ಗಳನ್ನು ನೋಡಿ, "ಇಲ್ಲಿ ಹುಡುಗರು ಬಟನ್ ಒತ್ತುತ್ತಾರೆ, ಅಡುಗೆ ಮಾಡಲ್ಲ. ಹಳೇ ಕಾಲದ ಹೋಟೆಲ್ ಒಂದೂ ಇಲ್ವಾ ಈ ದೇಶದಲ್ಲಿ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಈ ಸಲ ತೋರಿಸಬೇಕು.

ಕಷ್ಟ ಏನು ಅಂದರೆ, ಅಪ್ಪ ಕೋಳಿ ಕುರಿ ತಿನ್ನುತ್ತಾರೆ, ಬೀಫ್ ತಿನ್ನಲ್ಲ. ಅಮ್ಮ ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಹಳೇ ಅಮೆರಿಕನ್ ಅಂಗಡಿ ಅಂದರೆ ಬರ್ಗರ್ ಅಂಗಡಿಯೇ ಅಲ್ವಾ? ಎಲ್ಲಿಗೆ ಕರೆದುಕೊಂಡು ಹೋಗಲಿ? ನಾನು ಎಲ್ಲ ತಿನ್ನುತ್ತೇನೆ, ನನ್ನ ಚಿಂತೆ ಬೇಡ.

ಬಿಸಿಬಿಸಿ ಗುರು
ಗುರು, ತಿನ್ನದೇ ಇರೋ ಅಂಗಡಿಗೆ ಯಾಕೆ ಕರ್ಕೊಂಡು ಹೋಗ್ತೀಯಾ? ನಮ್ಮವರ ಹೋಟೆಲ್‌ಗಳಿರೋ ಓಕ್ ಟ್ರೀ ರೋಡ್ ಪಕ್ಕದಲ್ಲೇ ಇದೆ. ಮಸಾಲೆ ದೋಸೆ ತಿನ್ನಿಸು, ಖುಷಿಯಾಗಿ ಮಲಗ್ತಾರೆ.

ತಿಪಟೂರು ತೆಂಗು
ದೋಸೆ ತಿನ್ನಿಸಿದರೆ ಮಲಗಲ್ಲ, ಬೆಳಗಿನವರೆಗೂ ಆ ದೋಸೆಯ ತಪ್ಪು ಹೇಳುತ್ತಾರೆ.

ಜೆರ್ಸಿ ಬೀದಿ
ನಿಮಗೆ ದೂರ ಹೋಗೋದೇ ಬೇಡ. ಜೆರ್ಸಿ ಸಿಟಿಯ ಟೊನೆಲ್ ಅವೆನ್ಯೂದಲ್ಲಿ ವೈಟ್ ಮ್ಯಾನ ಇದೆ. ನಮ್ಮವರು ಸಾಮಾನು ತರಲು ಹೋಗುತ್ತಾರಲ್ಲ, ನ್ಯೂವಾರ್ಕ್ ಅವೆನ್ಯೂದ ಇಂಡಿಯಾ ಸ್ಕ್ವೇರ್, ಅಲ್ಲಿಂದ ಕಾರಿನಲ್ಲಿ ಕೆಲವೇ ನಿಮಿಷ. ಚಿಕ್ಕ, ದುಂಡಗಿನ ಕಟ್ಟಡ. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ "ಮುಂದಿನ ಕಾಲದ ಹೋಟೆಲ್" ಅಂತ ತೋರಿಸಲು ಇಟ್ಟಿದ್ದರು. ಮೇಳ ಮುಗಿದ ಮೇಲೆ ಕೊಂಡುಕೊಂಡು, 1946ರಲ್ಲಿ ಈಗಿರುವ ಜಾಗಕ್ಕೆ ತಂದರು. ಅವತ್ತಿನ ಮುಂದಿನ ಕಾಲ ಇವತ್ತು ಹಳೇ ಕಾಲ ಆಗಿ ಕೂತಿದೆ.

ನಿಮ್ಮ ಅಪ್ಪನಿಗೆ ಹೇಳಬೇಕಾದದ್ದು ಇದು: ಆ ಕಟ್ಟಡದ ಹೆಗ್ಗಳಿಕೆಯೇ ಮೂರು ಹೆಜ್ಜೆ. ಕೌಂಟರ್ ಒಳಗೆ ನಿಂತವನು ಮೂರೇ ಹೆಜ್ಜೆಯಲ್ಲಿ ಬೇಯಿಸಿ, ಬಡಿಸಿ, ದುಡ್ಡು ತಗೊಳ್ಳಬೇಕು. ಹಾಗೆ ಅಳತೆ ಮಾಡಿ ಕಟ್ಟಿದ್ದು.

ಹ್ಯಾಕೆನ್‌ಸ್ಯಾಕ್‌ನಲ್ಲಿ ಇನ್ನೊಂದಿದೆ, ವೈಟ್ ಮ್ಯಾನ್ನ. ಅದೂ 1946ರದ್ದು. ಮೊದಲು ಎರಡೂ ಒಂದೇ ಬಳಗ, ಈಗ ಬೇರೆ ಬೇರೆ ಯಜಮಾನರು. ಜೆರ್ಸಿ ಸಿಟಿಯ ಬೋರ್ಡಿನಲ್ಲಿ ಒಂದು 'ಎನ್' ಬಿಟ್ಟುಹೋಗಿದೆ. ಬೋರ್ಡು ಬರೆದವನು ಮರೆತ ಅಂತ ಕಥೆ. ನಮ್ಮಲ್ಲಿ ಒತ್ತಕ್ಷರ ಬಿಟ್ಟ ಹಾಗೆ. ಸರಿ ಮಾಡಲೇ ಇಲ್ಲ, ಈಗ ಅದೇ ಹೆಸರು.

ಧಾರವಾಡ ಪೇಢಾ
ನಮಸ್ಕಾರ ರೀ. ನಾನು ಒಕ್ಲಹೋಮಾದಾಗ ಇದ್ದೀನಿ. ಇಲ್ಲಿಗೆ ಯಾರೂ ಬರಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ.

ಒಕ್ಲಹೋಮಾ ಸಿಟಿಯಿಂದ ಪಶ್ಚಿಮಕ್ಕೆ ಅರ್ಧ ಗಂಟೆ ಹೋದರೆ ಎಲ್ ರೀನೋ ಅಂತ ಊರು. ಹಳೇ ರೂಟ್ 66 ರಸ್ತೆ, ರೈಲ್ವೆ ಊರು. ಇಲ್ಲಿ ಈರುಳ್ಳಿ ಬರ್ಗರ್ ಪ್ರಸಿದ್ಧ. 1922ರಲ್ಲಿ ದೇಶದ ತುಂಬ ರೈಲ್ವೆ ಕೆಲಸಗಾರರ ಮುಷ್ಕರ ಆಯಿತು. ಊರಿಗೆ ಊರೇ ಕೈಯಲ್ಲಿ ಕಾಸಿಲ್ಲದೆ ಕೂತಿತ್ತು. ಮಾಂಸ ತುಟ್ಟಿ, ಈರುಳ್ಳಿ ಅಗ್ಗ. ಅಂಗಡಿಯವರು ಏನು ಮಾಡಿದರು ಅಂದರೆ, ಸ್ವಲ್ಪ ಖೈಮಾದ ಮೇಲೆ ಒಂದು ಹಿಡಿ ಈರುಳ್ಳಿ ಹಾಕಿ ಕಾವಲಿಗೆ ಒತ್ತಿಬಿಟ್ಟರು. ಈರುಳ್ಳಿ ಅರ್ಧ ಮಾಂಸದ ಒಳಗೆ ಹೋಗುತ್ತದೆ, ಅರ್ಧ ಕಾವಲಿಗೆ ಹತ್ತಿ ಕಂದು ಆಗುತ್ತದೆ. ತಿರುವಿ ಹಾಕಿ, ಬನ್ನನ್ನು ಅದರ ಮೇಲೇ ಇಡುತ್ತಾರೆ. ಈರುಳ್ಳಿಯ ಹಬೆ ಬನ್ನಿಗೆ ಏರುತ್ತದೆ. ಬಡತನ ಹೋದ ಮೇಲೂ ಊರಿನವರು ಈರುಳ್ಳಿ ಬಿಡಲಿಲ್ಲ.

ರಾಬರ್ಟ್ಸ್ ಗ್ರಿಲ್ 1926ರಿಂದ ಇದೆ. ಒಳಗೆ ಕೌಂಟರ್ ಮುಂದೆ ಒಂದೇ ಸಾಲು ಸ್ಟೂಲು. ಕೂತವರ ಮೊಣಕಾಲಿಗೂ ಕಾವಲಿಗೂ ಭಾಳ ಅಂತರ ಇಲ್ಲ. ಮೇ ತಿಂಗಳ ಮೊದಲ ಶನಿವಾರ ಊರಜಾತ್ರೆ ಇರುತ್ತದೆ, 850 ಪೌಂಡಿಗೂ ಜಾಸ್ತಿ ತೂಕದ ಒಂದೇ ಒಂದು ಬರ್ಗರ್ ಮಾಡುತ್ತಾರೆ. ಹುಚ್ಚರು ಅಂದುಕೊಳ್ಳಬೇಡಿ. ನಮ್ಮ ಜಾತ್ರೆಯಾಗ ಏನೇನು ಮಾಡಲ್ಲ ನಾವು?

ತಿಪಟೂರು ತೆಂಗು
ಪೇಢಾ ಅವರೇ, ಇದನ್ನು ಈಗಲೇ ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. "ನಾವು ಉಲ್ಟಾ ಮಾಡ್ತಿದ್ವಿ, ಈರುಳ್ಳಿ ರೇಟು ಏರಿದಾಗ ಪಕೋಡಕ್ಕೆ ಎಲೆಕೋಸು ಹಾಕ್ತಿದ್ವಿ" ಅಂದರು. ಮನೆಯವರಿಗೇ ಇಷ್ಟು ದಿನ ಹೇಳಿರಲಿಲ್ಲ ಇದನ್ನ!

ಅಡುಗೆಮನೆ ಅಕ್ಕ
ತಿಪಟೂರಿನವರೇ, ಅಮ್ಮನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. 22 ವರ್ಷದಿಂದ ಇಲ್ಲಿದ್ದೀನಿ, ಮೊಟ್ಟೆಯನ್ನೂ ಮುಟ್ಟಿಲ್ಲ. ಎಡವಿ ಎಡವಿ ಕಲಿತದ್ದು ಇದು.

ಹಳೇ ಅಂಗಡಿಗಳಲ್ಲಿ "ಗ್ರಿಲ್ಡ್ ಚೀಸ್ ಇದೆ, ಸಸ್ಯಾಹಾರಿ" ಅಂತ ಧೈರ್ಯ ಮಾಡಬೇಡಿ. ಬ್ರೆಡ್ಡು ಚೀಸು ಸರಿ, ಆದರೆ ಕಾವಲಿ ಒಂದೇ. ಬೆಳಿಗ್ಗೆ ಬೇಕನ್, ಅಂದರೆ ಹಂದಿ ಮಾಂಸ, ಕರಿದ ಜಿಡ್ಡಿನ ಮೇಲೇ ಮಧ್ಯಾಹ್ನ ನಿಮ್ಮ ಬ್ರೆಡ್ಡು ಕೂರುತ್ತದೆ. ಒಮ್ಮೆ ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ನನಗೆ ಬಂದ ಸ್ಯಾಂಡ್‌ವಿಚ್‌ನ ಕೆಳಗೆ ಮಾಂಸದ ಚೂರು ಅಂಟಿತ್ತು. ಅವರ ತಪ್ಪೂ ಅಲ್ಲ, ಅವರಿಗೆ ಅದು ಲೆಕ್ಕಕ್ಕೇ ಬರಲ್ಲ.

ಫ್ರೈಸ್ ಕೂಡ ಕೇಳಿಯೇ ತಗೊಳ್ಳಿ. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ 1990ರಲ್ಲಿ ಗೋವಿನ ಕೊಬ್ಬು ಬಿಟ್ಟು ಸಸ್ಯದ ಎಣ್ಣೆಗೆ ಬಂತು. ಆದರೆ ರುಚಿಗೆ ಬೀಫ್ ಫ್ಲೇವರ್ ಉಳಿಸಿಕೊಂಡಿತ್ತು. 2001ರಲ್ಲಿ ಸಿಯಾಟಲ್‌ನ ಒಬ್ಬ ಭಾರತೀಯ ಮೂಲದ ವಕೀಲರು ಕೇಸು ಹಾಕಿದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಈಗ ಮತ್ತೆ ಕೊಬ್ಬಿನ ಕಾಲ ಬರುತ್ತಿದೆ, ಹಳೇ ರುಚಿ ಅಂತ.

ಪೈ ತಿನ್ನೋಣ ಅಂದರೆ, ಅದರ ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ಹಳೇ ಪದ್ಧತಿ ಇದೆ. ಪೊಟ್ಯಾಟೋ ಸಲಾಡ್ ಅಂದರೆ ಆಲೂಗಡ್ಡೆ ಪಲ್ಯ ಅಂದುಕೊಳ್ಳಬೇಡಿ, ಮಯೋನೀಸ್ ಇರುತ್ತದೆ, ಅದರಲ್ಲಿ ಮೊಟ್ಟೆ. ಬೀನ್ಸ್‌ನಲ್ಲಿ ಬೇಕನ್. ಇಷ್ಟು ಕೇಳಿದ ಮೇಲೆ ಉಳಿಯುವುದು ಚಿಪ್ಸ್ ಪ್ಯಾಕೆಟ್ಟು ಮತ್ತು ಸೋಡಾ. ಮೊದಲೇ ಹೊಟ್ಟೆ ತುಂಬಿಸಿಕೊಂಡು ಹೋಗಲಿ ಅಮ್ಮ. ಡಬ್ಬಿಯಲ್ಲಿ ಚಪಾತಿ ಪಲ್ಯ ಕಾರಲ್ಲಿರಲಿ.

ಕಬ್ಬಿನ ಗದ್ದೆ
ಅಕ್ಕ ಹೇಳಿದ್ದು ನಿಜ. ಸಿಯಾಟಲ್‌ನ ಡಿಕ್ಸ್ ಡ್ರೈವ್-ಇನ್ ನನಗೆ ಪ್ರಾಣ. 1954ರಲ್ಲಿ ವಾಲಿಂಗ್‌ಫರ್ಡ್‌ನಲ್ಲಿ ಶುರುವಾದದ್ದು, ಆಗ ಬರ್ಗರ್‌ಗೆ 19 ಸೆಂಟ್. ಕಿಟಕಿ ಮುಂದೆ ನಿಂತು ತಗೊಂಡು, ಕಾರಲ್ಲೋ ಕಟ್ಟೆ ಮೇಲೋ ಕೂತು ತಿನ್ನೋದು. ಅದು ಬೇಡ ಇದು ಹಾಕಿ ಅನ್ನುವ ಹಾಗಿಲ್ಲ, ಎಲ್ಲರಿಗೂ ಒಂದೇ ಥರ. ನಮ್ಮ ಸಸ್ಯಾಹಾರಿ ಗೆಳೆಯರು ಮಧ್ಯರಾತ್ರಿ ಅಲ್ಲಿ ಫ್ರೈಸ್, ಮಿಲ್ಕ್‌ಶೇಕ್ ತಿಂದು ಬರುತ್ತಿದ್ದರು. 2025ರಲ್ಲಿ ಫ್ರೈಸ್ ಕರಿಯುವುದನ್ನು ಗೋವಿನ ಕೊಬ್ಬಿಗೆ ಬದಲಾಯಿಸಿದರು. ಹೇಳಿಯೇ ಮಾಡಿದರು, ಗುಟ್ಟಾಗಿ ಅಲ್ಲ. ಈಗ ಗೆಳೆಯರಿಗೆ ಮಿಲ್ಕ್‌ಶೇಕ್ ಮಾತ್ರ.

ಪುತ್ತೂರಿನವ
ಮಾರಾಯ್ರೆ, ನೀವೆಲ್ಲ ಪೂರ್ವದಲ್ಲೇ ಸುತ್ತುತ್ತಿದ್ದೀರಲ್ಲ. ಲಾಸ್ ಏಂಜಲೀಸ್‌ಗೆ ಬನ್ನಿ. ಪಿಕೋ ಬೊಲೆವಾರ್ಡ್‌ನಲ್ಲಿ ಆ್ಯಪಲ್ ಪ್ಯಾನ್. 1947ರಿಂದ. ಬಿಳಿ ಮರದ ಚಿಕ್ಕ ಮನೆಯ ಹಾಗೆ ಉಂಟು. ಒಳಗೆ ಯು ಆಕಾರದ ಕೌಂಟರ್, ಸುತ್ತ 26 ಸ್ಟೂಲ್. ಟೇಬಲ್ ಇಲ್ಲ. ಕ್ಯೂ ಕೂಡ ಇಲ್ಲ, ನೀವು ತಿನ್ನುವಾಗ ಹಿಂದೆ ಗೋಡೆಗೆ ಒರಗಿ ಜನ ನಿಂತಿರುತ್ತಾರೆ. ಯಾರು ಮೊದಲು ಬಂದರು ಅಂತ ಅವರವರೇ ನೆನಪಿಟ್ಟುಕೊಳ್ಳುತ್ತಾರೆ. ಒಂದು ಜಗಳ ನಾನು ನೋಡಿಲ್ಲ.

ಪ್ಲೇಟ್ ಕೊಡುವುದಿಲ್ಲ. ಬರ್ಗರ್ ಕಾಗದದಲ್ಲಿ ಸುತ್ತಿ ಬರುತ್ತದೆ. ಫ್ರೈಸ್ ಜೊತೆ ಬಡಿಸುವವರೇ ಕಾಗದದ ತಟ್ಟೆಗೆ ಕೆಚಪ್ ಸುರಿದು ನಿಮ್ಮ ಮುಂದೆ ತಳ್ಳುತ್ತಾರೆ. ಕೋಲಾ ಕೊಡುವುದು ಚೂಪು ತಳದ ಕಾಗದದ ಲೋಟದಲ್ಲಿ. ಅದು ಬೀಳದ ಹಾಗೆ ಲೋಹದ ಒಂದು ಹಿಡಿಕೆ. ಅದು ನೋಡಿದರೇ ಖುಷಿ. ಎದುರಿಗೆ ದೊಡ್ಡ ಮಾಲ್ ಇತ್ತು. ಅದು ಬಂತು, ಮೆರೆಯಿತು, ಮುಚ್ಚಿತು, 2024ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯ ಆ ಕಟ್ಟಡ ಕೊಂಡಿತು. ಈ ಕಡೆ 26 ಸ್ಟೂಲ್ ಹಾಗೇ ಉಂಟು.

ಬಿಸಿಬಿಸಿ ಗುರು
ಆ್ಯಪಲ್ ಪ್ಯಾನ್‌ಗೆ ಹೋಗಿದೀನಿ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಈ "ಹಳೇದು" ಅನ್ನೋದಕ್ಕೇ ಅರ್ಧ ಮಾರ್ಕ್ಸ್ ಕೊಡ್ತೀರಾ ನೀವೆಲ್ಲ. ಹೊಸ ಜಾಗದಲ್ಲಿ ಇದಕ್ಕಿಂತ ಒಳ್ಳೆ ಮಾಂಸ, ಒಳ್ಳೆ ಬನ್ನು ಸಿಗತ್ತೆ. ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಒಂದು ಕಡೆ ಬರ್ಗರ್ ಅಂತ ಬ್ರೆಡ್ ಟೋಸ್ಟ್ ಕೊಡ್ತಾರೆ. ಕೆಚಪ್ ಕೇಳಿದ್ರೆ ಇಲ್ಲ ಅಂತಾರೆ. ಅದಕ್ಕೆ ಚರಿತ್ರೆ ಅಂತ ಹೆಸರು.

ಲ್ಯಾಬ್ ಮೇಷ್ಟ್ರು
ಗುರುಗಳೇ, ಅದು ಲೂಯೀಸ್ ಲಂಚ್. ಅದರ ಬಗ್ಗೆ ಅಷ್ಟು ಹಗುರವಾಗಿ ಮಾತಾಡಬೇಡಿ. ನಾನು ಹತ್ತು ವರ್ಷ ನ್ಯೂ ಹೇವನ್‌ನಲ್ಲಿದ್ದೆ.

ಡೆನ್ಮಾರ್ಕ್‌ನಿಂದ ಬಂದ ಲೂಯಿ ಲಾಸೆನ್ 1895ರಲ್ಲಿ ಶುರು ಮಾಡಿದ ತಳ್ಳುಗಾಡಿ ಅದು. 1900ರಲ್ಲಿ ಯಾರೋ ಗಡಿಬಿಡಿಯ ಗಿರಾಕಿ ಬಂದ, ಬೇಗ ಏನಾದರೂ ಕೊಡಿ ಅಂದ, ಇವರು ಸ್ಟೀಕ್ (ದಪ್ಪ ಮಾಂಸದ ತುಂಡು) ಕತ್ತರಿಸಿ ಉಳಿದ ಮಾಂಸ ಕೊಚ್ಚಿ, ಬೇಯಿಸಿ, ಎರಡು ಬ್ರೆಡ್ ನಡುವೆ ಇಟ್ಟು ಕೊಟ್ಟರು. ಇದು ಮನೆತನದ ಕಥೆ. ಅಮೆರಿಕದ ಮೊದಲ ಹ್ಯಾಂಬರ್ಗರ್ ಅನ್ನುತ್ತಾರೆ. ಈಗ ನಾಲ್ಕನೇ ತಲೆಮಾರು ನಡೆಸುತ್ತಿದೆ.

ಟೋಸ್ಟ್ ಯಾಕೆ ಅಂದರೆ, 1900ರಲ್ಲಿ ಬರ್ಗರ್‌ಗೆ ಅಂತ ಬನ್ನೇ ಇರಲಿಲ್ಲ! ಅದು ಕ್ಯಾನ್ಸಸ್‌ನ ವಿಚಿಟಾದಲ್ಲಿ ವಾಲ್ಟರ್ ಆಂಡರ್ಸನ್ ಎಂಬ ಅಡುಗೆಯವರಿಂದ ಜನಪ್ರಿಯವಾದದ್ದು. ಅವರೇ ಬಿಲ್ಲಿ ಇಂಗ್ರಾಮ್ ಜೊತೆ ಸೇರಿ 1921ರಲ್ಲಿ ವೈಟ್ ಕ್ಯಾಸಲ್ ತೆರೆದರು, ಬರ್ಗರ್‌ಗೆ 5 ಸೆಂಟ್. ಆ ಕಾಲಕ್ಕೆ ಕೊಚ್ಚಿದ ಮಾಂಸ ಅಂದರೆ ಜನಕ್ಕೆ ಅನುಮಾನ. ಚಿಕಾಗೋ ಕಸಾಯಿಖಾನೆಗಳ ಕೊಳಕು ಬಯಲಾಗಿ, 1906ರಲ್ಲಿ ಮಾಂಸ ತಪಾಸಣೆ ಕಾನೂನು ಬಂದಿತ್ತು. ಅದಕ್ಕೇ ಬಿಳಿ ಗೋಡೆ, ಬಿಳಿ ಹೆಸರು, ಗಿರಾಕಿ ಕಣ್ಣೆದುರೇ ಅಡುಗೆ. ನ್ಯೂಜೆರ್ಸಿಯ ಆ ಎರಡೂ ಅಂಗಡಿಗಳ ಹೆಸರಲ್ಲಿ "ವೈಟ್" ಇರುವುದೂ ಅದೇ ಗಾಳಿ.

ಅಯೋವಾ ಜೋಳ
ಮೊದಲ ಬರ್ಗರ್ ಅಂತ ವಿಸ್ಕಾನ್ಸಿನ್‌ನ ಸೀಮೋರ್‌ನವರೂ ಹೇಳ್ತಾರೆ, 1885 ಅಂತೆ. ನ್ಯೂಯಾರ್ಕ್ ರಾಜ್ಯದ ಹ್ಯಾಂಬರ್ಗ್ ಊರಿನ ಜಾತ್ರೆಯಲ್ಲಿ ಮೆಂಚಸ್ ಅಣ್ಣ ತಮ್ಮಂದಿರು ಮಾಡಿದ್ದು ಅಂತ ಇನ್ನೊಬ್ಬರು, ಅದೂ 1885. ಟೆಕ್ಸಸ್‌ನವರದು ಬೇರೆ ಕಥೆ. ಮೈಸೂರು ಪಾಕ್ ಜಗಳಕ್ಕಿಂತ ದೊಡ್ಡದು ಇದು.

ಲ್ಯಾಬ್ ಮೇಷ್ಟ್ರು
ಅಲ್ಲ ಅಂದವರು ಯಾರು? ಮೊದಲು ಯಾರು ಅನ್ನುವುದು ನನಗೆ ಮುಖ್ಯ ಅಲ್ಲ. ಅಲ್ಲಿನ ಒಲೆ ನೋಡಬೇಕು. 1898ರ ಕಾಲದ ಎರಕದ ಕಬ್ಬಿಣದ ಗ್ಯಾಸ್ ಒಲೆಗಳು, ನಿಲುವು ಒಲೆಗಳು. ಮಾಂಸವನ್ನು ತಂತಿ ಜಾಲರಿಯಲ್ಲಿ ಸಿಕ್ಕಿಸಿ, ಪುಸ್ತಕವನ್ನು ಕಪಾಟಿಗೆ ಇಟ್ಟ ಹಾಗೆ ನಿಲ್ಲಿಸಿ ಒಳಗೆ ತಳ್ಳುತ್ತಾರೆ. ಎರಡೂ ಕಡೆಯಿಂದ ಒಟ್ಟಿಗೇ ಬೆಂಕಿ. ತಿರುವಿ ಹಾಕುವ ಮಾತೇ ಇಲ್ಲ. ಜಿಡ್ಡು ಕೆಳಗೆ ಸೋರಿ ಹೋಗುತ್ತದೆ. ಬ್ರೆಡ್ ಸುಡುವುದು 1929ರ ಗ್ಯಾಸ್ ಟೋಸ್ಟರ್‌ನಲ್ಲಿ. ತಿಪಟೂರಿನವರ ಅಪ್ಪ ಇದನ್ನು ನೋಡದೆ ಊರಿಗೆ ಹೋಗಬಾರದು.

ಹಾಕುವುದು ಚೀಸ್, ಟೊಮೇಟೊ, ಈರುಳ್ಳಿ, ಅಷ್ಟೇ. ಕೆಚಪ್, ಸಾಸಿವೆ, ಮಯೋನೀಸ್ ಇಲ್ಲ. ಜೊತೆಗೆ ಪೊಟ್ಯಾಟೋ ಸಲಾಡ್, ಚಿಪ್ಸ್, ಪೈ. ಫ್ರೈಸ್ ಕೂಡ ಇಲ್ಲ.

ಒಂದು ಎಚ್ಚರಿಕೆ. ಅವರು ಮೀಡಿಯಮ್ ರೇರ್ ಕೊಡುತ್ತಾರೆ, ಒಳಗೆ ಕೆಂಪಗೆ. ಸ್ಟೀಕ್ ಆದರೆ ಕ್ರಿಮಿ ಇರುವುದು ಹೊರಮೈ ಮೇಲೆ, ಸುಟ್ಟರೆ ಸಾಯುತ್ತದೆ. ಕೊಚ್ಚಿದಾಗ ಹೊರಗಿನದು ಒಳಗೂ ಸೇರುತ್ತದೆ. ಅದಕ್ಕೇ ಕೊಚ್ಚಿದ ಮಾಂಸ ಒಳಗೂ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಅಂತ ಇಲ್ಲಿನ ಸರ್ಕಾರ ಹೇಳುವುದು. 1993ರಲ್ಲಿ ಪಶ್ಚಿಮದ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಬರ್ಗರ್‌ನಿಂದ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು, ನಾಲ್ಕು ಮಕ್ಕಳು ತೀರಿಕೊಂಡರು. ದಿನವೂ ಅಲ್ಲೇ ಕೊಚ್ಚಿದ ಮಾಂಸಕ್ಕೂ ಕಾರ್ಖಾನೆ ಮಾಂಸಕ್ಕೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೂ ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ಪೂರ್ತಿ ಬೇಯಿಸಿ ಅಂತ ಕೇಳಲಿ.

ರಾಯಚೂರು ಬಿಸಿಲು
ನಮ್ಮ ಕನ್ನಡ ವೇದಿಕೆಯಲ್ಲಿ ಗೋಮಾಂಸದ ಜಾಹೀರಾತು ಯಾಕೆ?

ನಿರ್ವಾಹಕ
ತಿನ್ನುವವರು ತಿನ್ನುತ್ತಾರೆ, ಬಿಡುವವರು ಬಿಡುತ್ತಾರೆ. ಇಲ್ಲಿ ಕೇಳಿದ್ದೇ ತಿನ್ನದ ಅಪ್ಪನ ಬಗ್ಗೆ. ವಿಷಯಕ್ಕೆ ಬನ್ನಿ. ಈ ಜಗಳ ಮುಂದುವರಿದರೆ ಅಳಿಸುತ್ತೇನೆ.

ಅಯೋವಾ ಜೋಳ
ವಿಷಯಕ್ಕೇ ಬರುತ್ತೇನೆ. ನಮ್ಮ ಕಡೆ ಮೇಡ್-ರೈಟ್ ಅಂತ ಇದೆ. 1926ರಲ್ಲಿ ಮಸ್ಕಟೀನ್ ಊರಿನಲ್ಲಿ ಒಬ್ಬ ಮಾಂಸದಂಗಡಿಯವರು ಶುರು ಮಾಡಿದ್ದು. ಅಲ್ಲಿ ಬರ್ಗರನ್ನು ತಟ್ಟುವುದೇ ಇಲ್ಲ. ಉದುರು ಉದುರಾಗಿ ಬೇಯಿಸಿದ ಖೈಮಾವನ್ನು ಬನ್ನಿಗೆ ತುಂಬಿ, ಜೊತೆಗೆ ಚಮಚ ಕೊಡುತ್ತಾರೆ, ಕೆಳಗೆ ಬಿದ್ದದ್ದನ್ನು ತಿನ್ನಲು. ನನ್ನ ಹೆಂಡತಿ ಅದೇ ಅಳತೆಯಲ್ಲಿ ಕೋಳಿ ಖೈಮಾ ಮಾಡುತ್ತಾಳೆ, ಹಸಿಮೆಣಸಿನಕಾಯಿ ಹಾಕಿ. ಅಪ್ಪನಿಗೆ ಮನೆಯಲ್ಲೇ ಮಾಡಿಕೊಡಬಹುದು.

ಅಡುಗೆಮನೆ ಅಕ್ಕ
ಹೌದು, ಮನೆಯಲ್ಲಿ ಮಾಡಬಹುದು. ಆದರೆ ಅವರಿಗೆ ಬೇಕಾಗಿರುವುದು ಊಟ ಅಲ್ಲ, ಕಾವಲಿ ಹಿಂದೆ ನಿಂತವನು.

ನ್ಯೂ ಹೇವನ್‌ಗೆ ಹೋಗುವುದಾದರೆ ಅಮ್ಮನ ಊಟದ ಚಿಂತೆ ಬೇಡ. ವೂಸ್ಟರ್ ಸ್ಟ್ರೀಟ್‌ನಲ್ಲಿ ಪೆಪೆ ಅವರ ಪಿಟ್ಜಾ ಇದೆ, 1925ರಿಂದ. ಟೊಮೇಟೊ ಪೈ ಕೇಳಿ, ಅಲ್ಲಿ ಪಿಟ್ಜಾಗೇ ಪೈ ಅನ್ನುವುದು. ಮಾಂಸ ಇಲ್ಲ, ಮೊಟ್ಟೆ ಇಲ್ಲ. ಕಲ್ಲಿದ್ದಲು ಒಲೆ, ಅಂಚು ಕಪ್ಪಾಗಿರುತ್ತದೆ. ಸೀದಿದೆ ಅಂತ ಅಮ್ಮ ವಾಪಸ್ ಕಳಿಸದ ಹಾಗೆ ನೋಡಿಕೊಳ್ಳಿ.

ಲ್ಯಾಬ್ ಮೇಷ್ಟ್ರು
ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಿಂದ ನ್ಯೂ ಹೇವನ್‌ಗೆ ಮೆಟ್ರೋ-ನಾರ್ತ್ ರೈಲು ಸುಮಾರು ಎರಡು ಗಂಟೆ. ಆಗಸ್ಟ್‌ನಲ್ಲಿ ಹೋಗಬೇಡಿ, ಲೂಯೀಸ್ ಲಂಚ್‌ಗೆ ಆ ತಿಂಗಳು ರಜೆ ಹಾಕುವುದು ಅವರ ಹಳೇ ಪದ್ಧತಿ. ಯಾವ ದಿನ ತೆರೆದಿರುತ್ತದೆ ಅಂತಲೂ ನೋಡಿಕೊಂಡು ಹೊರಡಿ. ಕೈಯಲ್ಲಿ ನೋಟು ಇರಲಿ.

ತಿಪಟೂರು ತೆಂಗು
ಐದು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎರಡು ಕಡೆ ಹೋಗಿಬಂದೆವು. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ನ್ಯೂ ಹೇವನ್. ಕ್ರೌನ್ ಸ್ಟ್ರೀಟ್‌ನಲ್ಲಿ ಇಟ್ಟಿಗೆಯ ಪುಟ್ಟ ಕಟ್ಟಡ. ಸುತ್ತ ಎತ್ತರದ ಕಟ್ಟಡಗಳು, ನಡುವೆ ಇದು ಯಾರೋ ಮರೆತು ಬಿಟ್ಟುಹೋದ ಹಾಗೆ. ನಿಜಕ್ಕೂ 1975ರಲ್ಲಿ ಹಳೇ ಜಾಗದಿಂದ ಕಟ್ಟಡವನ್ನೇ ಎತ್ತಿ ಇಲ್ಲಿಗೆ ತಂದಿದ್ದಂತೆ. ಬಾಗಿಲಲ್ಲೇ ಅಪ್ಪ ನಿಂತುಬಿಟ್ಟರು. ಮೇಜಿನ ಮರದ ತುಂಬ ಹೆಸರು ಕೆತ್ತಿದ್ದಾರೆ, ನಮ್ಮಲ್ಲಿ ಶಾಲೆ ಬೆಂಚಿನ ಹಾಗೆ. "ನನ್ನ ಟೇಬಲ್ ಮೇಲೆ ಯಾರಾದರೂ ಹೀಗೆ ಕೆತ್ತಿದ್ರೆ ಬಿಡ್ತಿದ್ನಾ?" ಅಂದರು.

ಕೌಂಟರ್ ಹತ್ತಿರ ನಿಂತು ಒಲೆ ನೋಡಿದರು. ಇಪ್ಪತ್ತು ನಿಮಿಷ ಏನೂ ಮಾತಾಡಲಿಲ್ಲ. ನಾನು ಬರ್ಗರ್ ತಗೊಂಡು ಕೂತೆ, ಅಪ್ಪ ಅಲ್ಲೇ. ಜಾಲರಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಆಮೇಲೆ ಬಂದು ಕೂತು ಹೇಳಿದ್ದು: "ಮಗುಚೋ ಕೆಲಸ ಇಲ್ಲ ನೋಡು. ದೋಸೆ ಭಟ್ಟರ ಅರ್ಧ ಆಯಸ್ಸು ಮಗುಚೋದ್ರಲ್ಲೇ ಹೋಗುತ್ತೆ." ಇನ್ನೊಂದು ಹೇಳಿದರು, ಅದು ನನಗೆ ಹೊಳೆದೇ ಇರಲಿಲ್ಲ. ಇವರು ಕೆಚಪ್ ಕೊಡದೆ ಇರುವುದು ಜಂಬಕ್ಕಲ್ಲ ಅಂತೆ. "ಒಂದು ಬಾಟಲಿ ಇಟ್ರೆ ನಾಳೆ ಇನ್ನೊಂದು ಕೇಳ್ತಾರೆ. ನಾಡಿದ್ದು ಫ್ರೈಸ್. ಅದಕ್ಕೆ ಬಾಣಲೆ, ಬಾಣಲೆಗೆ ಜಾಗ, ಜಾಗಕ್ಕೆ ಇನ್ನೊಬ್ಬ ಹುಡುಗ. ನಾನು ಪೂರಿ ಶುರು ಮಾಡಿದ್ಮೇಲೇ ನಷ್ಟ ಶುರುವಾಗಿದ್ದು." ನಮ್ಮ ಹೋಟೆಲ್‌ನಲ್ಲಿ ಪೂರಿ ಬೇಕು ಅಂತ ಹಟ ಮಾಡಿದ್ದು ನಾನು, ಏಳನೇ ಕ್ಲಾಸಿನಲ್ಲಿ. ಅದನ್ನು ಅವರು ಹೇಳಲಿಲ್ಲ. ನಾನೂ ನೆನಪಿಸಲಿಲ್ಲ.

ಬರ್ಗರ್ ಹೇಗಿತ್ತು? ಬಿಸಿಬಿಸಿ ಗುರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸಾದಾ. ಉಪ್ಪು ಕಡಿಮೆ ಅನ್ನಿಸಿತು. ಟೋಸ್ಟ್ ಗರಿಗರಿ, ಒಳಗೆ ಮಾಂಸದ ರಸ, ಅಷ್ಟೇ. ಮಾಂಸದ ರುಚಿ ಮಾತ್ರ ಬೇರೆ ಯಾವುದೂ ಮುಚ್ಚಿಲ್ಲ. ಮತ್ತೆ ತಿನ್ನುತ್ತೀಯಾ ಅಂದರೆ ತಿನ್ನುತ್ತೇನೆ, ಅದಕ್ಕೇ ಅಂತ ಎರಡು ಗಂಟೆ ರೈಲು ಹತ್ತಲಾರೆ.

ಅಪ್ಪ ತಿಂದದ್ದು ಪೊಟ್ಯಾಟೋ ಸಲಾಡ್. ಕುಡಿದದ್ದು ಫಾಕ್ಸನ್ ಪಾರ್ಕ್ ಕಂಪನಿಯ ಬರ್ಚ್ ಬಿಯರ್. ಹೆಸರು ಬಿಯರ್, ಮದ್ಯ ಅಲ್ಲ, ಪಕ್ಕದ ಈಸ್ಟ್ ಹೇವನ್‌ನಲ್ಲಿ 1922ರಿಂದ ಸೋಡಾ ಮಾಡುವವರು. ಒಂದು ಗುಟುಕು ಕುಡಿದು, "ಇದೇನೋ ಮಂಡಿನೋವಿನ ಮುಲಾಮು!" ಅಂದರು. ಬಾಟಲಿ ಖಾಲಿ ಮಾಡಿದರು ಅನ್ನುವುದು ಬೇರೆ ಮಾತು. ಅಮ್ಮ ಟೊಮೇಟೊ ಪೈ ತಿಂದು, ಸೀದ ಅಂಚನ್ನು ಮಾತ್ರ ತಟ್ಟೆಯ ಪಕ್ಕ ಸಾಲಾಗಿ ಜೋಡಿಸಿಟ್ಟರು.

ಮುಂದಿನ ವಾರ ಜೆರ್ಸಿ ಸಿಟಿ. ಇಂಡಿಯಾ ಸ್ಕ್ವೇರ್‌ನಲ್ಲಿ ಅಮ್ಮನಿಗೆ ಊಟ, ಬೇಳೆ, ಹುಣಸೆಹಣ್ಣು ಎಲ್ಲ ಮುಗಿಸಿ ವೈಟ್ ಮ್ಯಾನಕ್ಕೆ ಹೋದೆವು. ಅಪ್ಪ ಕೂತ ಸ್ಟೂಲಿನಿಂದ ಕಾವಲಿ ಕಾಣುತ್ತಿತ್ತು. ಗುಂಡಗಿನ ಮಾಂಸದ ಉಂಡೆ, ಮೇಲೆ ಈರುಳ್ಳಿ, ಒತ್ತುವುದು, ಬನ್ನು ಮುಚ್ಚುವುದು. ಈ ಸಲ ಅಪ್ಪ ಬೆರಳಲ್ಲಿ ಎಣಿಸುತ್ತಿದ್ದರು. ಹೆಜ್ಜೆ ಎಣಿಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. "ಮೂರು ಅಂದ್ಯಲ್ಲ, ನಿಜ. ಒಂದೊಂದು ಸಲ ನಾಲ್ಕು."

ಕಾಗದದ ತಟ್ಟೆ ಹಿಂಭಾಗದಲ್ಲಿ ಪೆನ್ನಿನಿಂದ ಚಿತ್ರ ಬರೆದರು. ಕಾವಲಿ ಇಲ್ಲಿ, ಬನ್ನು ಇಲ್ಲಿ, ಗಲ್ಲಾ ಇಲ್ಲಿ, ಸಿಂಕು ಇಲ್ಲಿ. ಪಕ್ಕದಲ್ಲಿ ನಮ್ಮ ತಿಪಟೂರು ಹೋಟೆಲ್‌ನ ಚಿತ್ರ. ಕಾವಲಿಯಿಂದ ಚಟ್ನಿಗೆ ಹನ್ನೊಂದು ಹೆಜ್ಜೆ ಇತ್ತಂತೆ. ನಮ್ಮ ಭಟ್ಟರು ಸಂಜೆ ಹೊತ್ತಿಗೆ ಕಾಲು ನೋವು ಅನ್ನುತ್ತಿದ್ದುದು ಅಪ್ಪನಿಗೆ ಈಗ ನೆನಪಾಯಿತು. ಆಗೆಲ್ಲ ಅವರ ಕಳ್ಳಾಟ ಅಂತ ಬೈಯುತ್ತಿದ್ದರು. ರಾತ್ರಿ ಎಡಿಸನ್‌ಗೆ ಬಂದವರೇ ಊರಿಗೆ ಫೋನು ಮಾಡಿದರು. ಭಟ್ಟರು ಈಗ ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ. ಅಲ್ಲಿ ಬೆಳಗಿನ ಜಾವ. ಅರ್ಧ ಗಂಟೆ ಮಾತಾಡಿದರು, ಏನು ಮಾತಾಡಿದರೋ ಗೊತ್ತಿಲ್ಲ, ಬಾಗಿಲು ಹಾಕಿಕೊಂಡಿದ್ದರು.

ಪುತ್ತೂರಿನವ
ಭಟ್ರಿಗೆ ಮಂಡಿನೋವಿನ ಸೋಡಾ ಒಂದು ಬಾಟಲಿ ಕಳಿಸಿ ಮಾರಾಯ್ರೆ.

ಧಾರವಾಡ ಪೇಢಾ
ಆ ತಟ್ಟೆಯ ಫೋಟೊ ಹಾಕ್ರಿ ಇಲ್ಲೆ.

ಬಿಸಿಬಿಸಿ ಗುರು
ಸರಿ, ಸೋತೆ. ಆದ್ರೆ ಕೆಚಪ್ ಇಡಬೇಕಿತ್ತು.

ತಿಪಟೂರು ತೆಂಗು
ತಟ್ಟೆ ಅಪ್ಪನ ಸೂಟ್‌ಕೇಸಿನಲ್ಲಿ ಊರಿಗೆ ಹೋಯಿತು. ಫೋಟೊ ತೆಗೆಯಲು ಬಿಡಲಿಲ್ಲ, ಎಣ್ಣೆ ಕಲೆ ಇದೆ ಅಂತ. ನಿನ್ನೆ ಫೋನ್ ಮಾಡಿದ್ದರು. ಚಿತ್ರದಲ್ಲಿ ಕೌಂಟರ್ ಎತ್ತರ ಬರೆದಿಲ್ಲವಂತೆ. ನಿಂತವನ ಸೊಂಟಕ್ಕೆ ಬರುತ್ತಿತ್ತೋ ಅದಕ್ಕಿಂತ ಕೆಳಗೋ ಅಂತ ಮೂರು ಸಲ ಕೇಳಿದರು. ಯಾಕೆ ಅಂದರೆ ಹೇಳಲಿಲ್ಲ. ಅಮ್ಮನ ಪ್ರಕಾರ ಮನೆ ಮುಂದಿನ ಶೆಡ್ಡನ್ನು ಖಾಲಿ ಮಾಡಿಸುತ್ತಿದ್ದಾರೆ. ನಾನು ಈ ವಾರ ಊರಲ್ಲಿರಲ್ಲ. ಯಾರಾದರೂ ಟೊನೆಲ್ ಅವೆನ್ಯೂ ಕಡೆ ಹೋಗುವವರಿದ್ದರೆ ಅಳೆದು ಹೇಳುತ್ತೀರಾ?

ಜೆರ್ಸಿ ಬೀದಿ
ಭಾನುವಾರ ಬೇಳೆ ತರಲು ಹೋಗುತ್ತಿದ್ದೇನೆ. ಟೇಪು ಕಾರಲ್ಲೇ ಇದೆ. ಅಡಿ ಲೆಕ್ಕದಲ್ಲಿ ಬೇಕಾ, ಸೆಂಟಿಮೀಟರಾ?

ತಿಪಟೂರು ತೆಂಗು
ಅಡಿ, ಅಣ್ಣ. ಬಡಗಿಗೆ ಕೊಡೋದಕ್ಕೆ ಅಂತೆ.